ಹದಿಮೂರು ಶಾಖಾ ಕಚೇರಿಗಳಿಗೆ ಅಪ್‌ಡೇಟ್ ಸರ್ವರ್ ವ್ಯವಸ್ಥೆ: ಅಳತೆಯಿಂದ ನಾಲ್ಕನೆಯ ತಿಂಗಳವರೆಗಿನ ಕೆಲಸದ ದಾಖಲೆ

ಒಂದು ಕೇಂದ್ರ ಕಚೇರಿ, ಹದಿಮೂರು ಶಾಖೆಗಳು, ಒಟ್ಟು 848 ವಿಂಡೋಸ್ ಯಂತ್ರಗಳು, ಇವೆಲ್ಲಕ್ಕೂ ಸೇರಿ ಕೇಂದ್ರದಲ್ಲಿ ಒಂದೇ ಒಂದು ಅಪ್‌ಡೇಟ್ ಸರ್ವರ್. ಈ ಕೆಲಸವನ್ನು ನನಗೆ ಒಪ್ಪಿಸಿದಾಗ ಇದ್ದ ಸ್ಥಿತಿ ಇದು. ಆ ಸರ್ವರ್‌ನಲ್ಲಿ ನಡೆಯುತ್ತಿದ್ದುದು ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವೀಸಸ್, ಎಂದರೆ ನಾವೆಲ್ಲ ಡಬ್ಲ್ಯುಎಸ್‌ಯುಎಸ್ ಎಂದು ಕರೆಯುವ ವ್ಯವಸ್ಥೆ. ಮೈಕ್ರೋಸಾಫ್ಟ್‌ನ ಅಪ್‌ಡೇಟ್‌ಗಳನ್ನು ತರಿಸಿಟ್ಟುಕೊಂಡು, ನಿರ್ವಾಹಕರು ಅನುಮೋದಿಸಿದವನ್ನು ಮಾತ್ರ ಯಂತ್ರಗಳಿಗೆ ಹಂಚುವುದು ಅದರ ಕೆಲಸ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುವ ಕ್ರಮ 2003ರ ಅಕ್ಟೋಬರ್‌ನಿಂದ ನಡೆದುಬಂದಿದೆ. ನಮ್ಮಲ್ಲಿ ಅದರ ಮರುದಿನ ಬೆಳಿಗ್ಗೆ ಸಣ್ಣ ಶಾಖೆಗಳಿಂದ ದೂರು ಬರಲು ಶುರುವಾಗುತ್ತಿತ್ತು. ಲೆಕ್ಕಪತ್ರದ ತಂತ್ರಾಂಶ ತೆರೆಯುವುದಿಲ್ಲ, ಕಡತ ಉಳಿಸಿದರೆ ಯಂತ್ರ ನಿಂತುಹೋಗುತ್ತದೆ, ಫೋನ್ ಕರೆ ತುಂಡಾಗುತ್ತದೆ ಎಂಬ ಅಹವಾಲುಗಳು ವಾರಪೂರ್ತಿ ಮುಂದುವರಿಯುತ್ತಿದ್ದವು. ಇದರಿಂದ ಬೇಸತ್ತ ಶಾಖೆಗಳ ಸಿಬ್ಬಂದಿ ತಮ್ಮ ಯಂತ್ರಗಳಲ್ಲಿ ಅಪ್‌ಡೇಟ್ ಸೇವೆಯನ್ನೇ ನಿಲ್ಲಿಸಲು ಆರಂಭಿಸಿದ್ದರು. ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ್ದು ಈ ಕೊನೆಯ ಸಂಗತಿ.

ಮೇಲಧಿಕಾರಿಗಳು ಕೇಳಿದ್ದು ಪ್ರತಿ ಶಾಖೆಗೂ ಒಂದೊಂದು ಅಪ್‌ಡೇಟ್ ಸರ್ವರ್ ಇಡುವ ಯೋಜನೆಯನ್ನು. ಮೊದಲ ವಾರ ನಾನೂ ಅದನ್ನೇ ಸರಿಯೆಂದು ನಂಬಿ ಹದಿಮೂರು ಸರ್ವರ್‌ಗಳ ನಕ್ಷೆ ಬರೆದಿದ್ದೆ. ಆ ನಕ್ಷೆಯನ್ನು ಕೈಬಿಟ್ಟದ್ದು ಏಕೆ, ಅದರ ಬದಲು ಕಟ್ಟಿದ್ದು ಏನು, ಕಟ್ಟುವಾಗ ಎಲ್ಲೆಲ್ಲಿ ಕೆಲಸ ಕೆಟ್ಟಿತು ಎಂಬುದನ್ನು ಇದೇ ಬಗೆಯ ಹೊಣೆ ಹೊತ್ತವರಿಗೆ ಉಪಯೋಗವಾಗಲೆಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ವಾರ: ಅಳತೆ

ಯಾವ ಸರ್ವರ್ ಎಲ್ಲಿ ಎಂದು ತೀರ್ಮಾನಿಸುವ ಮುನ್ನ ಪ್ರತಿ ಶಾಖೆಯ ರೂಟರ್‌ನಿಂದ ಒಂದು ಪೂರ್ತಿ ವಾರದ ಬಳಕೆಯ ಅಂಕಿಗಳನ್ನು ಐದು ನಿಮಿಷಕ್ಕೊಮ್ಮೆ ತೆಗೆದುಕೊಂಡೆ. ಶಾಖೆಗಳು ತಾವಾಗಿಯೇ ಮೂರು ಗುಂಪಾದವು. 95, 110 ಮತ್ತು 140 ಯಂತ್ರಗಳಿರುವ ಮೂರು ದೊಡ್ಡ ಶಾಖೆಗಳಿಗೆ ಸೆಕೆಂಡಿಗೆ 20 ಮೆಗಾಬಿಟ್‌ನ ಸಂಪರ್ಕವಿತ್ತು. 12ರಿಂದ 28 ಯಂತ್ರಗಳಿರುವ ಎಂಟು ಸಣ್ಣ ಶಾಖೆಗಳಿಗೆ 4 ಮೆಗಾಬಿಟ್ ಇತ್ತು. ಉಳಿದ ಎರಡು ಶಾಖೆಗಳಲ್ಲಿ 9 ಮತ್ತು 14 ಯಂತ್ರಗಳು. ಅವುಗಳ ರೇಡಿಯೊ ಸಂಪರ್ಕ 512 ಕಿಲೋಬಿಟ್‌ನದು, ಅದೂ ಮಳೆಗಾಳಿಯ ದಿನ ಕಡಿದುಹೋಗುವಂಥದ್ದು. ಎಲ್ಲ ಶಾಖೆಗಳ ಇಂಟರ್ನೆಟ್ ಸಂಚಾರವೂ ಕೇಂದ್ರದ ಫೈರ್‌ವಾಲ್ ಮೂಲಕವೇ ಹೊರಹೋಗುತ್ತದೆ. ಹಾಗಾಗಿ ಅನುಮೋದನೆ ಮಾತ್ರ ಕೇಂದ್ರದಿಂದ, ಕಡತಗಳು ನೇರವಾಗಿ ಮೈಕ್ರೋಸಾಫ್ಟ್‌ನಿಂದ ಎಂಬ ಸುಲಭದ ದಾರಿ ನಮಗಿರಲಿಲ್ಲ. ಹಾಗೆ ಮಾಡಿದರೂ ಕಡತ ಬರುವುದು ಅದೇ ಲೈನ್‌ನಲ್ಲಿ. ಶಾಖೆಗೆ ಸ್ವಂತ ಇಂಟರ್ನೆಟ್ ಸಂಪರ್ಕ ಇರುವವರು ಮೊದಲು ಅದನ್ನೇ ಪರಿಶೀಲಿಸಬೇಕು.

ನಮ್ಮ ದಾಖಲೆಗಳ ಪ್ರಕಾರ ಒಂದು ಯಂತ್ರಕ್ಕೆ ತಿಂಗಳಿಗೆ ಸುಮಾರು 700 ಮೆಗಾಬೈಟ್ ಅಪ್‌ಡೇಟ್ ಬೇಕಾಗುತ್ತಿತ್ತು. 25 ಯಂತ್ರಗಳ ಸಣ್ಣ ಶಾಖೆಗೆ ಇದು 17.5 ಗಿಗಾಬೈಟ್. 4 ಮೆಗಾಬಿಟ್‌ನ ಲೈನ್ ಸೆಕೆಂಡಿಗೆ ಅರ್ಧ ಮೆಗಾಬೈಟ್, ಗಂಟೆಗೆ 1.8 ಗಿಗಾಬೈಟ್ ಸಾಗಿಸಬಲ್ಲದು. ಬೇರೆ ಯಾವ ಕೆಲಸವೂ ಇಲ್ಲದೆ ಪೂರ್ತಿ ದುಡಿದರೂ ಅದಕ್ಕೆ ಒಂಬತ್ತೂಮುಕ್ಕಾಲು ಗಂಟೆ ಹಿಡಿಯುತ್ತದೆ. ರಾತ್ರಿಯಲ್ಲಿ ಯಂತ್ರಗಳು ಆರಿರುವುದರಿಂದ ಆ ಒಂಬತ್ತೂಮುಕ್ಕಾಲು ಗಂಟೆ ಕಚೇರಿಯ ವೇಳೆಯಿಂದಲೇ ಬರಬೇಕು. ಸಿಬ್ಬಂದಿಯ ದೂರು ಅಕ್ಷರಶಃ ನಿಜವಾಗಿತ್ತು.

ಇದೇ ಲೆಕ್ಕವನ್ನು ಶಾಖೆಯಲ್ಲಿ ಸರ್ವರ್ ಇದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅನ್ವಯಿಸಿದಾಗ ನನ್ನ ಹದಿಮೂರು ಸರ್ವರ್‌ಗಳ ನಕ್ಷೆ ಕುಸಿಯಿತು. ರೆಪ್ಲಿಕಾ ಸರ್ವರ್ ಎಂದರೆ ಮೇಲಿನ ಸರ್ವರ್‌ನಲ್ಲಿ ಅನುಮೋದನೆಯಾದ ಎಲ್ಲವನ್ನೂ ತರಿಸಿಕೊಳ್ಳುವ ಸರ್ವರ್. ತನ್ನ ಶಾಖೆಯಲ್ಲಿ ಯಾವ ಯಂತ್ರಕ್ಕೆ ಏನು ಬೇಕು ಎಂದು ಅದು ನೋಡುವುದಿಲ್ಲ. ಕೇಂದ್ರದಲ್ಲಿರುವ ಸರ್ವರ್ ಆವೃತ್ತಿಗಳು, ಆಫೀಸ್‌ನ ಎರಡು ತಲೆಮಾರುಗಳು, ವಿಂಡೋಸ್‌ನ ಎಲ್ಲ ಆವೃತ್ತಿಗಳು ಸೇರಿ ನಮ್ಮ ಮಾಸಿಕ ಅನುಮೋದನೆಯ ಗಾತ್ರ ಸುಮಾರು 25 ಗಿಗಾಬೈಟ್ ಆಗುತ್ತಿತ್ತು. ಸಣ್ಣ ಶಾಖೆಯ ಎಲ್ಲ ಯಂತ್ರಗಳೂ ಒಂದೊಂದಾಗಿ ಲೈನ್ ಮೂಲಕ ಎಳೆದುಕೊಂಡರೆ ಬರುವುದು 17.5 ಗಿಗಾಬೈಟ್, ಅದನ್ನು ತಡೆಯಲೆಂದು ಅಲ್ಲಿಡುವ ಸರ್ವರ್ ತಾನೇ ಎಳೆಯುವುದು 25 ಗಿಗಾಬೈಟ್. ಹೊರೆಯನ್ನು ಇಳಿಸಲು ಇಟ್ಟ ಸರ್ವರ್ ಹೊರೆಯನ್ನು ಹೆಚ್ಚಿಸುತ್ತದೆ, ಅದರ ಜೊತೆಗೆ ಡಿಸ್ಕ್ ತುಂಬುವುದು, ಡೇಟಾಬೇಸ್ ನಿಧಾನವಾಗುವುದು, ವಿದ್ಯುತ್ ಹೋದಾಗ ಏಳದಿರುವುದು ಮುಂತಾದ ಹೊಸ ಹೊಣೆಗಳನ್ನೂ ತರುತ್ತದೆ. ನಮ್ಮ ಅಂಕಿಗಳಲ್ಲಿ ಈ ಎರಡೂ ಸಮವಾಗುವುದು ಸುಮಾರು 36 ಯಂತ್ರಗಳಲ್ಲಿ. ಸರ್ವರ್ ಇಡಬೇಕೆ ಎಂದು ಕೇಳುವ ಯಾರೇ ಆದರೂ ಮೊದಲು ತಮ್ಮ ಈ ಸಂಖ್ಯೆಯನ್ನು ಕಂಡುಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಸರ್ವರ್‌ನ ಎಳೆತವನ್ನು ರಾತ್ರಿಗೆ ತಳ್ಳಬಹುದು ಎಂಬ ವಾದ ನಿಜ, ಆದರೆ 25 ಗಿಗಾಬೈಟ್ ಆ ಲೈನ್‌ನಲ್ಲಿ ಬರಲು ಸುಮಾರು 14 ಗಂಟೆ ಬೇಕು. ಒಂದು ರಾತ್ರಿ ಸಾಲುವುದಿಲ್ಲ.

ದೊಡ್ಡ ಶಾಖೆಗಳ ಲೆಕ್ಕ ಇದಕ್ಕೆ ವಿರುದ್ಧವಾಗಿತ್ತು. 140 ಯಂತ್ರಗಳಿಗೆ 98 ಗಿಗಾಬೈಟ್. 20 ಮೆಗಾಬಿಟ್‌ನಲ್ಲಿ ಹನ್ನೊಂದು ಗಂಟೆ. ಅಲ್ಲೊಂದು ಸರ್ವರ್ ಇದ್ದರೆ 25 ಗಿಗಾಬೈಟ್ ಮೂರು ಗಂಟೆಯೊಳಗೆ, ಜನರಿಲ್ಲದ ಹೊತ್ತಿನಲ್ಲಿ ಬಂದು ಬೀಳುತ್ತದೆ. ಆದ್ದರಿಂದ ಯೋಜನೆ ಹೀಗೆ ನಿಂತಿತು: ಕೇಂದ್ರದಲ್ಲಿ ಮುಖ್ಯ ಸರ್ವರ್, ಮೂರು ದೊಡ್ಡ ಶಾಖೆಗಳಲ್ಲಿ ರೆಪ್ಲಿಕಾ, ಎಂಟು ಸಣ್ಣ ಶಾಖೆಗಳಲ್ಲಿ ಸರ್ವರ್ ಇಲ್ಲದೆ ಯಂತ್ರಗಳೇ ತಮ್ಮೊಳಗೆ ಕಡತ ಹಂಚಿಕೊಳ್ಳುವ ವ್ಯವಸ್ಥೆ, ರೇಡಿಯೊ ಸಂಪರ್ಕದ ಎರಡು ಶಾಖೆಗಳಿಗೆ ಡಿಸ್ಕ್‌ನಲ್ಲಿ ಕೊಂಡೊಯ್ಯುವ ಅಪ್‌ಡೇಟ್.

ಒಂದು ಪ್ರಶ್ನೆಯನ್ನು ಇಲ್ಲೇ ಮುಗಿಸುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಡಬ್ಲ್ಯುಎಸ್‌ಯುಎಸ್‌ಗೆ ಇನ್ನು ಹೊಸ ಸೌಲಭ್ಯಗಳನ್ನು ಸೇರಿಸುವುದಿಲ್ಲ ಎಂದು ಪ್ರಕಟಿಸಿತು. ಈಗಿರುವ ಸೌಲಭ್ಯಗಳಿಗೆ ಬೆಂಬಲವೂ ಅಪ್‌ಡೇಟ್‌ಗಳ ಸರಬರಾಜೂ ಮುಂದುವರಿದಿವೆ. ಎಲ್ಲ ಯಂತ್ರಗಳಿಗೂ ಒಳ್ಳೆಯ ಇಂಟರ್ನೆಟ್ ಇದ್ದರೆ ಕ್ಲೌಡ್ ಮೂಲಕ ನಿರ್ವಹಿಸುವುದು ಮೇಲು. ನಮ್ಮಂತೆ ಎರಡು ಶಾಖೆಗಳಿಗೆ ಸಂಪರ್ಕವೇ ಅಸ್ಥಿರವಾಗಿರುವಾಗ, ಯಾವ ಅಪ್‌ಡೇಟ್ ಯಾವಾಗ ಹೋಗಬೇಕು ಎಂಬ ಹಿಡಿತ ಕೈಯಲ್ಲಿರಬೇಕಾದಾಗ, ಇದನ್ನೇ ಸರಿಪಡಿಸಿ ಬಳಸುವುದು ವಿವೇಕವೆನಿಸಿತು.

ಎರಡನೆಯ ವಾರ: ಮುಖ್ಯ ಸರ್ವರ್‌ನ ದುರಸ್ತಿ

ಹಳೆಯ ಸರ್ವರ್ ಕೆಟ್ಟ ಸ್ಥಿತಿಯಲ್ಲಿತ್ತು. ಎಲ್ಲ ಭಾಷೆಗಳೂ ಆಯ್ಕೆಯಾಗಿದ್ದವು, ಡ್ರೈವರ್‌ಗಳ ವರ್ಗವೂ ಸೇರಿತ್ತು, ಬಂದುದೆಲ್ಲವೂ ತಾನಾಗಿ ಅನುಮೋದನೆಯಾಗುವ ನಿಯಮವಿತ್ತು. ಕಡತಗಳ ಫೋಲ್ಡರ್ 480 ಗಿಗಾಬೈಟ್‌ಗೆ ಬೆಳೆದಿತ್ತು. ಬೇಡದ ಭಾಷೆಗಳನ್ನೂ ಡ್ರೈವರ್‌ಗಳನ್ನೂ ತೆಗೆದು, ಹೊಸ ಅಪ್‌ಡೇಟ್ ಬಂದ ಮೇಲೆ ಕೆಲಸವಿಲ್ಲದಾದ ಹಳೆಯ ಅಪ್‌ಡೇಟ್‌ಗಳನ್ನು ತಿರಸ್ಕರಿಸಿ, ಸ್ವಚ್ಛತಾ ವಿಝಾರ್ಡ್ ಓಡಿಸಿದ ಮೇಲೆ ಅದು 210 ಗಿಗಾಬೈಟ್‌ಗೆ ಇಳಿಯಿತು. ಈ ವಿಝಾರ್ಡ್ ಮೊದಲ ಸಲ ನಡುವೆಯೇ ಸಮಯ ಮೀರಿ ನಿಂತುಹೋಗುತ್ತಿತ್ತು. ಡಬ್ಲ್ಯುಎಸ್‌ಯುಎಸ್ ತನ್ನ ವಿವರಗಳನ್ನು ಇಟ್ಟುಕೊಳ್ಳುವ ಸೂಸ್‌ಡಿಬಿ ಡೇಟಾಬೇಸ್‌ನ ಎರಡು ಕೋಷ್ಟಕಗಳಿಗೆ, ಭಾಷಾವಾರು ವಿವರಗಳ ಕೋಷ್ಟಕ ಮತ್ತು ಯಾವುದು ಯಾವುದನ್ನು ಬದಲಿಸುತ್ತದೆ ಎಂಬ ಕೋಷ್ಟಕಕ್ಕೆ, ಮೈಕ್ರೋಸಾಫ್ಟ್ ಸೂಚಿಸುವ ಹೆಚ್ಚುವರಿ ಇಂಡೆಕ್ಸ್‌ಗಳನ್ನು ಸೇರಿಸಿ, ಇಡೀ ಡೇಟಾಬೇಸ್ ಅನ್ನು ಮರು ಇಂಡೆಕ್ಸ್ ಮಾಡಿದ ಬಳಿಕವೇ ಅದು ಕೊನೆ ಮುಟ್ಟಿತು.

ಇನ್ನೊಂದು ತೊಂದರೆ ಅಪ್‌ಡೇಟ್ ದಿನಗಳಲ್ಲಿ ಯಂತ್ರಗಳಲ್ಲಿ ಕಾಣಿಸುತ್ತಿದ್ದ 80244022 ಎಂಬ ದೋಷ. ಸರ್ವರ್ ಲಭ್ಯವಿಲ್ಲ, ಎಂದರೆ ವೆಬ್ ಸರ್ವರ್ 503 ಎಂಬ ಉತ್ತರ ಕೊಟ್ಟಿದೆ ಎಂಬುದು ಇದರ ಅರ್ಥ. ಸರ್ವರ್ ಯಂತ್ರ ಮಾತ್ರ ಎದ್ದೇ ಇರುತ್ತಿತ್ತು. ನಿಂತಿದ್ದುದು ಅದರೊಳಗಿನ ಐಐಎಸ್ ಎಂಬ ವಿಂಡೋಸ್ ವೆಬ್ ಸರ್ವರ್‌ನ ಡಬ್ಲ್ಯುಎಸ್‌ಯುಎಸ್ ಅಪ್ಲಿಕೇಶನ್ ಪೂಲ್, ಎಂದರೆ ಯಂತ್ರಗಳ ಕೋರಿಕೆಗಳಿಗೆ ಉತ್ತರಿಸುವ ಪ್ರಕ್ರಿಯೆ. ಇದರ ಸ್ವಂತ ಸ್ಮೃತಿಯ ಮಿತಿ ಮೂಲ ಹೊಂದಿಕೆಯಲ್ಲಿ 1843200 ಕಿಲೋಬೈಟ್, ಸುಮಾರು 1.8 ಗಿಗಾಬೈಟ್. ನೂರಾರು ಯಂತ್ರಗಳು ಒಟ್ಟಿಗೆ ಪಟ್ಟಿ ಕೇಳಿದಾಗ ಪೂಲ್ ಆ ಮಿತಿಯನ್ನು ದಾಟಿ ಮತ್ತೆ ಮತ್ತೆ ಮರುಆರಂಭಗೊಂಡು ಕೊನೆಗೆ ನಿಂತೇಬಿಡುತ್ತದೆ, ಯಂತ್ರಗಳು ಮತ್ತೆ ಮೊದಲಿನಿಂದ ಪಟ್ಟಿ ಕೇಳುತ್ತವೆ, ಹೊರೆ ಇನ್ನಷ್ಟು ಹೆಚ್ಚುತ್ತದೆ. ಮಿತಿಯನ್ನು ಸೊನ್ನೆ ಮಾಡಿ ತೆಗೆದುಹಾಕಿ, ಸರತಿಯ ಉದ್ದವನ್ನು 1000ದಿಂದ 2000ಕ್ಕೆ ಏರಿಸಿ, ಸರ್ವರ್‌ನ ಸ್ಮೃತಿಯನ್ನು 4ರಿಂದ 16 ಗಿಗಾಬೈಟ್‌ಗೆ ಹೆಚ್ಚಿಸಿದ ಮೇಲೆ ಆ ದೋಷ ಮರಳಲಿಲ್ಲ. ಶಾಖೆಗಳ ಲೈನ್ ತುಂಬುವುದಕ್ಕೆ ಈ ಮರುಪ್ರಯತ್ನಗಳೂ ಒಂದು ಕಾರಣವಾಗಿದ್ದವು ಎಂಬುದು ನಂತರದ ವಾರದ ರೂಟರ್ ಅಂಕಿಗಳಲ್ಲಿ ಸ್ಪಷ್ಟವಾಯಿತು.

ಭದ್ರತೆಯ ವಿಷಯದಲ್ಲಿ ರಿಯಾಯಿತಿ ಮಾಡಿಕೊಳ್ಳಲಿಲ್ಲ. ಯಂತ್ರಗಳು ಸರ್ವರ್‌ನೊಡನೆ 8530ರ ಬದಲು ಗೂಢಲಿಪಿಯ 8531 ಪೋರ್ಟ್‌ನಲ್ಲಿ ಮಾತನಾಡುವಂತೆ ಪ್ರಮಾಣಪತ್ರ ಅಳವಡಿಸಿ, ಈ ಎರಡು ಪೋರ್ಟ್‌ಗಳಿಗೆ ನಮ್ಮ ಶಾಖೆಗಳ ಸಬ್‌ನೆಟ್‌ಗಳಿಂದಲ್ಲದೆ, ಎಂದರೆ ಅವುಗಳ ಜಾಲದ ವಿಳಾಸಗಳ ಗುಂಪುಗಳಿಂದಲ್ಲದೆ, ಬೇರೆಲ್ಲಿಂದಲೂ ದಾರಿ ಇಲ್ಲದಂತೆ ಫೈರ್‌ವಾಲ್‌ನಲ್ಲಿ ಮುಚ್ಚಿದೆ. 2025ರ ಅಕ್ಟೋಬರ್‌ನಲ್ಲಿ ಹೊರಬಂದ ಸಿವಿಇ-2025-59287 ಎಂಬ ದೋಷ ಯಾವ ಗುರುತುಪತ್ರವೂ ಇಲ್ಲದ ದಾಳಿಕೋರನಿಗೆ ಡಬ್ಲ್ಯುಎಸ್‌ಯುಎಸ್ ಸರ್ವರ್ ಮೇಲೆ ತನ್ನ ಕೋಡ್ ಓಡಿಸಲು ಅವಕಾಶ ಕೊಡುತ್ತಿತ್ತು. ಆ ತಿಂಗಳ ಸಾಮಾನ್ಯ ಅಪ್‌ಡೇಟ್ ಅದನ್ನು ಪೂರ್ತಿ ಮುಚ್ಚದೆ ಅಕ್ಟೋಬರ್ 23ರಂದು ವಿಶೇಷ ಅಪ್‌ಡೇಟ್ ಬಿಡುಗಡೆ ಮಾಡಬೇಕಾಯಿತು. ಇಡೀ ಸಂಸ್ಥೆಯ ಯಂತ್ರಗಳು ನಂಬುವ ಸರ್ವರ್ ಎಂದರೆ ಅದೇ ಎಲ್ಲಕ್ಕಿಂತ ಮೊದಲು ಅಪ್‌ಡೇಟ್ ಆಗಬೇಕಾದ ಸರ್ವರ್. ಈಗ ನಮ್ಮ ನಾಲ್ಕು ಸರ್ವರ್‌ಗಳಿಗೆ ಪ್ರತ್ಯೇಕ ಗುಂಪಿದ್ದು, ಅದರ ಅನುಮೋದನೆ ಬಿಡುಗಡೆಯ ಮರುದಿನವೇ ಆಗುತ್ತದೆ.

ಮೂರನೆಯ ವಾರ: ದೊಡ್ಡ ಶಾಖೆಗಳ ರೆಪ್ಲಿಕಾಗಳು

ಮೂರೂ ಶಾಖೆಗಳಲ್ಲಿ ಈಗಾಗಲೇ ಇದ್ದ ಹೋಸ್ಟ್‌ಗಳ ಮೇಲೆ ಒಂದೊಂದು ವರ್ಚುವಲ್ ಯಂತ್ರ ಕಟ್ಟಿ, ಕಡತಗಳಿಗೆ ಬೇರೆಯೇ ಡಿಸ್ಕ್ ಕೊಟ್ಟೆ. ಡೇಟಾಬೇಸ್‌ಗೆ ವಿಂಡೋಸ್‌ನ ಒಳಗಿನದೇ ಸಾಕಾಯಿತು. ಎಕ್ಸ್‌ಪ್ರೆಸ್ ಆವೃತ್ತಿಯ ಎಸ್‌ಕ್ಯುಎಲ್ ಸರ್ವರ್‌ಗಿರುವ ಗಾತ್ರದ ಮಿತಿ ಇದಕ್ಕಿಲ್ಲ. 210 ಗಿಗಾಬೈಟ್ ಕಡತಗಳು 20 ಮೆಗಾಬಿಟ್ ಲೈನ್‌ನಲ್ಲಿ ಬರಲು ಇಪ್ಪತ್ತಮೂರು ಗಂಟೆಗಿಂತ ಹೆಚ್ಚು ಹಿಡಿಯುವುದರಿಂದ ಅವನ್ನು ಹೊರ ಡಿಸ್ಕ್‌ಗೆ ನಕಲು ಮಾಡಿ ಕಳುಹಿಸಿದೆ. ಶಾಖೆಯಲ್ಲಿ ಕಡತಗಳನ್ನು ಅವುಗಳ ಫೋಲ್ಡರ್‌ಗೆ ಸುರಿದು, ಆಮೇಲೆ ಸಿಂಕ್ ಮಾಡಿ, ಎಂದರೆ ಮೇಲಿನ ಸರ್ವರ್‌ನೊಡನೆ ಪಟ್ಟಿಯನ್ನು ಹೊಂದಿಸಿಕೊಂಡು, ಕೊನೆಗೆ ಡಬ್ಲ್ಯುಎಸ್‌ಯುಎಸ್ ಯುಟಿಲ್ ಎಂಬ ನಿರ್ವಹಣಾ ಸಾಧನದ ರೀಸೆಟ್ ಆದೇಶ ಕೊಟ್ಟರೆ ಸರ್ವರ್ ಇರುವ ಕಡತಗಳನ್ನೆಲ್ಲ ಪರಿಶೀಲಿಸಿ ಇಲ್ಲದವನ್ನು ಮಾತ್ರ ತರಿಸಿಕೊಳ್ಳುತ್ತದೆ. ಮೊದಲ ಶಾಖೆಯಲ್ಲಿ ಅವಸರಪಟ್ಟು ಡಿಸ್ಕ್ ತಲುಪುವ ಮುನ್ನವೇ ಸಿಂಕ್ ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಶಾಖೆಯ ಲೈನ್ ತುಂಬಿಹೋಯಿತು. ಡೌನ್‌ಲೋಡ್‌ಗಳನ್ನು ರದ್ದುಮಾಡಿ, ಶಾಖೆಯವರಲ್ಲಿ ಕ್ಷಮೆ ಕೇಳಿ, ಉಳಿದೆರಡು ಶಾಖೆಗಳಿಗೆ ಈ ಕ್ರಮವನ್ನು ಕಾಗದದಲ್ಲಿ ಬರೆದುಕೊಂಡೇ ಹೋದೆ.

ರೆಪ್ಲಿಕಾಗೆ ಅನುಮೋದನೆಗಳೂ ಗುಂಪುಗಳ ಹೆಸರುಗಳೂ ಮೇಲಿನಿಂದ ಬರುತ್ತವೆ, ಆದರೆ ಯಾವ ಯಂತ್ರ ಯಾವ ಗುಂಪಿನಲ್ಲಿದೆ ಎಂಬುದು ಬರುವುದಿಲ್ಲ. ಅದಕ್ಕಾಗಿ ಯಂತ್ರವೇ ತನ್ನ ಗುಂಪನ್ನು ಹೇಳುವಂತೆ ಗ್ರೂಪ್ ಪಾಲಿಸಿಯಲ್ಲಿ, ಎಂದರೆ ಕೇಂದ್ರದಿಂದ ಯಂತ್ರಗಳಿಗೆ ಹೊಂದಿಕೆಗಳನ್ನು ಕಳುಹಿಸುವ ವಿಂಡೋಸ್ ವ್ಯವಸ್ಥೆಯಲ್ಲಿ, ಹೊಂದಿಸಿದೆ. ಒಂದು ಶಾಖೆಯಲ್ಲಿ ವಿಂಡೋಸ್ 11 ಯಂತ್ರಗಳು ಮಾತ್ರ 80244019 ದೋಷದೊಂದಿಗೆ ನಿಂತವು. ಕಡತ ಸಿಗಲಿಲ್ಲ ಎಂಬುದು ಅದರ ಅರ್ಥ. ಕಡತ ಡಿಸ್ಕ್‌ನಲ್ಲಿಯೇ ಇತ್ತು. ವಿಂಡೋಸ್ 11ರ 22ಎಚ್‌2 ಆವೃತ್ತಿಗೆ 2023ರ ಮಾರ್ಚ್‌ನಿಂದ ಬಂದಿರುವ ಹೊಸ ಅಪ್‌ಡೇಟ್ ಮಾದರಿಯಲ್ಲಿ ಎಂಎಸ್‌ಯು ಮತ್ತು ವಿಮ್ ವಿಸ್ತರಣೆಯ ಕಡತಗಳಿರುತ್ತವೆ. ಈ ವಿಸ್ತರಣೆಗಳನ್ನು ಐಐಎಸ್ ಕಳುಹಿಸಬಹುದಾದ ಕಡತ ಬಗೆಗಳ ಪಟ್ಟಿಗೆ, ಎಂದರೆ ಮೈಮ್ ಪಟ್ಟಿಗೆ, ಸೇರಿಸದಿದ್ದರೆ ವೆಬ್ ಸರ್ವರ್ ಅವು ಇಲ್ಲವೆಂದೇ ಉತ್ತರಿಸುತ್ತದೆ. ಸೇರಿಸಿದ ಕೂಡಲೇ ಸರಿಹೋಯಿತು. ಇದೇ ಮಾದರಿಗೆ ಪ್ರತಿ ವಿಂಡೋಸ್ ಆವೃತ್ತಿಗೆ ಸುಮಾರು 10 ಗಿಗಾಬೈಟ್ ಹೆಚ್ಚುವರಿ ಜಾಗ ಬೇಕು ಎಂಬುದನ್ನು ಡಿಸ್ಕ್ ಲೆಕ್ಕದಲ್ಲಿ ಮರೆಯಬಾರದು.

ಯಾವ ಯಂತ್ರ ಯಾವ ಸರ್ವರ್‌ಗೆ ಹೋಗಬೇಕು ಎಂಬುದನ್ನು ಹೇಳುವುದು ನಾನು ಅಂದುಕೊಂಡಷ್ಟು ಸರಳವಾಗಿರಲಿಲ್ಲ. ನಾಲ್ಕು ಸರ್ವರ್‌ಗಳಿಗೂ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನಲ್ಲಿ ಒಂದೇ ಹೆಸರು ಕೊಟ್ಟು, ಕೇಳಿದ ಯಂತ್ರದ ಸಬ್‌ನೆಟ್‌ಗೆ ಹತ್ತಿರದ ವಿಳಾಸ ಮೊದಲು ಬರುವಂತೆ ಮಾಡುವ ಒಂದು ಪದ್ಧತಿಯಿದೆ. ಅದರ ಮೂಲ ಹೊಂದಿಕೆ ವಿಳಾಸದ ಕೊನೆಯ 8 ಬಿಟ್‌ಗಳನ್ನು ಬಿಟ್ಟು ಉಳಿದದ್ದನ್ನು ಹೋಲಿಸುತ್ತದೆ. ನಮ್ಮ ದೊಡ್ಡ ಶಾಖೆಗಳ ಸಬ್‌ನೆಟ್‌ಗಳಲ್ಲಿ ಯಂತ್ರವನ್ನು ಗುರುತಿಸುವ ಈ ಕೊನೆಯ ಭಾಗ 10 ಬಿಟ್‌ಗಳದ್ದಾಗಿರುವುದರಿಂದ ಅದನ್ನು ಬದಲಿಸಬೇಕಿತ್ತು, ಅದು ಸಾಧ್ಯವಿತ್ತು. ಆದರೆ ಸರ್ವರ್ ಇಲ್ಲದ ಸಣ್ಣ ಶಾಖೆಯ ಯಂತ್ರಕ್ಕೆ ಹತ್ತಿರದ ವಿಳಾಸವೇ ಇರುವುದಿಲ್ಲವಾದ್ದರಿಂದ ಅದಕ್ಕೆ ನಾಲ್ಕರಲ್ಲಿ ಯಾವುದು ಬೇಕಾದರೂ ಸರದಿಯ ಮೇಲೆ ಸಿಗುತ್ತದೆ. ಒಂದು ಶಾಖೆಯ ಯಂತ್ರ ಇನ್ನೊಂದು ಶಾಖೆಯ ರೆಪ್ಲಿಕಾದಿಂದ ಕಡತ ಎಳೆದರೆ ಎರಡು ಲೈನ್‌ಗಳೂ ತುಂಬುತ್ತವೆ. ಹಾಗಾಗಿ ಅದನ್ನು ಬಿಟ್ಟು, ಸಂಸ್ಥೆಯ ಯಂತ್ರಗಳ ಪಟ್ಟಿಯಾದ ಆಕ್ಟಿವ್ ಡೈರೆಕ್ಟರಿಯ ಸೈಟ್‌ಗಳಿಗೆ, ಎಂದರೆ ಸಬ್‌ನೆಟ್‌ನಿಂದ ಗುರುತಿಸುವ ಸ್ಥಳಗಳಿಗೆ, ಜೋಡಿಸಿದ ಗ್ರೂಪ್ ಪಾಲಿಸಿಗಳನ್ನು ಬಳಸಿದೆ. ಅಲ್ಲಿಯೂ ಮೊದಲ ದಿನ ಏನೂ ಬದಲಾಗಲಿಲ್ಲ. ಪಾಲಿಸಿಗಳು ಅನ್ವಯವಾಗುವ ಕ್ರಮದಲ್ಲಿ ಸೈಟ್ ಮೊದಲು, ಇಡೀ ಸಂಸ್ಥೆಯನ್ನು ಒಳಗೊಂಡ ಡೊಮೇನ್ ನಂತರ. ಕೊನೆಗೆ ಬಂದದ್ದೇ ಉಳಿಯುತ್ತದೆ. ಡೊಮೇನ್ ಮಟ್ಟದಲ್ಲಿದ್ದ ಹಳೆಯ ಪಾಲಿಸಿ ಎಲ್ಲ ಸೈಟ್ ಪಾಲಿಸಿಗಳನ್ನೂ ಅಳಿಸಿಹಾಕುತ್ತಿತ್ತು. ಸರ್ವರ್ ವಿಳಾಸವನ್ನು ಡೊಮೇನ್ ಪಾಲಿಸಿಯಿಂದ ತೆಗೆದು ಪ್ರತಿ ಸೈಟ್‌ಗೂ ಜೋಡಿಸಿದ ಮೇಲೆ ಯಂತ್ರಗಳು ತಮ್ಮ ತಮ್ಮ ಸರ್ವರ್‌ಗಳನ್ನು ಹಿಡಿದವು.

ಇದೇ ಕ್ರಮವನ್ನು ಲ್ಯಾಪ್‌ಟಾಪ್‌ಗಳಿಗೆ ಬೇಕೆಂದೇ ಬಳಸಿಕೊಂಡೆ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಬದಲಾದ ಯಂತ್ರ ಇಡೀ ಪಟ್ಟಿಯನ್ನು ಹೊಸದಾಗಿ ತರಿಸಿ ಪರಿಶೀಲಿಸಬೇಕಾಗುತ್ತದೆ; ದಿನಕ್ಕೊಂದು ಶಾಖೆಗೆ ಹೋಗುವವರ ಯಂತ್ರಗಳಿಗೆ ಅದು ದೊಡ್ಡ ಹೊರೆ. ಆದ್ದರಿಂದ ಡೈರೆಕ್ಟರಿಯಲ್ಲಿ ಲ್ಯಾಪ್‌ಟಾಪ್‌ಗಳಿಗಿರುವ ಉಪವಿಭಾಗವಾದ ಓಯು ಮಟ್ಟದಲ್ಲಿ, ಎಂದರೆ ಸೈಟ್ ಪಾಲಿಸಿಯನ್ನು ಮೀರುವ ಜಾಗದಲ್ಲಿ, ಕೇಂದ್ರದ ಸರ್ವರ್ ಅನ್ನೇ ಕಾಯಂ ಮಾಡಿದೆ.

ಸಣ್ಣ ಶಾಖೆಗಳು: ಯಂತ್ರದಿಂದ ಯಂತ್ರಕ್ಕೆ

ನನ್ನ ಸಮಯದ ದೊಡ್ಡ ಪಾಲು ಹೋದದ್ದು ಇಲ್ಲಿ, ಕಲಿತದ್ದೂ ಇಲ್ಲೇ ಹೆಚ್ಚು. ವಿಂಡೋಸ್ 10ರಿಂದ ಮೊದಲ್ಗೊಂಡು ಬರುವ ಡೆಲಿವರಿ ಆಪ್ಟಿಮೈಸೇಶನ್ ಎಂಬ ಸೌಲಭ್ಯದಲ್ಲಿ ಒಂದು ಯಂತ್ರ ತರಿಸಿಕೊಂಡ ಕಡತವನ್ನು ನೆರೆಯ ಯಂತ್ರಗಳು 7680ನೇ ಪೋರ್ಟ್ ಮೂಲಕ ತುಂಡುತುಂಡಾಗಿ ಪಡೆಯಬಹುದು. ಡಬ್ಲ್ಯುಎಸ್‌ಯುಎಸ್‌ನಿಂದ ಬರುವ ಕಡತಗಳಿಗೂ ಇದು ಅನ್ವಯಿಸುತ್ತದೆ, ಆದರೆ ನೆರೆಯವರು ಯಾರೆಂದು ತಿಳಿಯಲು ಯಂತ್ರಗಳು ಇಂಟರ್ನೆಟ್‌ನಲ್ಲಿರುವ ಅದರ ಸೇವೆಯನ್ನು ಕೇಳಬೇಕಾದ್ದರಿಂದ ಆ ವಿಳಾಸಗಳಿಗೆ ಕೇಂದ್ರದ ಫೈರ್‌ವಾಲ್‌ನಲ್ಲಿ ದಾರಿ ಬಿಡಬೇಕು.

ಮೊದಲ ತಿಂಗಳು ಸ್ಥಳೀಯ ಜಾಲದೊಳಗೆ ಹಂಚಿಕೊಳ್ಳುವ ಮಾದರಿಯನ್ನು ಹಾಗೆಯೇ ಬಿಟ್ಟಿದ್ದೆ. ಎರಡನೆಯ ಬುಧವಾರ ಬೆಳಿಗ್ಗೆ ನೋಡಿದರೆ ಒಂದು ಸಣ್ಣ ಶಾಖೆಯ ಲೈನ್‌ನಲ್ಲಿ ಒಳಬರುವ ಸಂಚಾರದಷ್ಟೇ ಹೊರಹೋಗುವ ಸಂಚಾರವೂ ಇತ್ತು. ಈ ಮಾದರಿ ಒಂದೇ ಹೊರ ವಿಳಾಸದ ಹಿಂದಿರುವ ಯಂತ್ರಗಳನ್ನು ಒಂದೇ ಸ್ಥಳೀಯ ಜಾಲವೆಂದು ಭಾವಿಸುತ್ತದೆ. ನಮ್ಮ ಹದಿನಾಲ್ಕೂ ಕಚೇರಿಗಳು ಕೇಂದ್ರದ ಒಂದೇ ವಿಳಾಸದಿಂದ ಹೊರಹೋಗುವುದರಿಂದ ಅದರ ಕಣ್ಣಿಗೆ 848 ಯಂತ್ರಗಳೂ ಒಂದೇ ಕೋಣೆಯಲ್ಲಿದ್ದವು. ದೂರದ ಶಾಖೆಯ ಯಂತ್ರವೊಂದು ಕೇಂದ್ರದ ಯಂತ್ರಗಳಿಗೆ ಆ ಕಿರಿದಾದ ಲೈನ್ ಮೂಲಕ ಕಡತ ಕಳುಹಿಸುತ್ತಿತ್ತು. ಮಾದರಿಯನ್ನು ಗುಂಪಿಗೆ ಬದಲಿಸಿ, ಗುಂಪಿನ ಗುರುತನ್ನು ಆಕ್ಟಿವ್ ಡೈರೆಕ್ಟರಿಯ ಸೈಟ್‌ನಿಂದ ತೆಗೆದುಕೊಳ್ಳುವಂತೆ ಹೊಂದಿಸಿದಾಗ ಆರು ಶಾಖೆಗಳು ಸರಿಹೋದವು. ಉಳಿದೆರಡು ಶಾಖೆಗಳ ಸಬ್‌ನೆಟ್‌ಗಳನ್ನು ಯಾರೂ ಸೈಟ್‌ಗಳ ಪಟ್ಟಿಗೆ ಸೇರಿಸಿಯೇ ಇರಲಿಲ್ಲ; ಅವನ್ನು ಸೇರಿಸಿದ ಮೇಲೆ ಅವೂ ಸರಿಯಾದವು.

ಲೈನ್‌ನ ಬಳಕೆಗೆ ಮಿತಿ ಹಾಕುವುದರಲ್ಲಿಯೂ ನಾನು ತಪ್ಪಿದೆ. ಹಿನ್ನೆಲೆಯಲ್ಲಿ ಕಡತ ಸಾಗಿಸುವ ಬಿಟ್ಸ್ ಸೇವೆಗೆ ಗ್ರೂಪ್ ಪಾಲಿಸಿಯಲ್ಲಿ ಹಗಲಿನ ಮಿತಿ ಹಾಕಿ ಎರಡು ದಿನ ಕಾದೆ. ರೂಟರ್‌ನ ರೇಖೆ ಒಂದಿಷ್ಟೂ ಕೆಳಗಿಳಿಯಲಿಲ್ಲ. ಡೆಲಿವರಿ ಆಪ್ಟಿಮೈಸೇಶನ್ ಬಳಸುವ ಯಂತ್ರ ಅಪ್‌ಡೇಟ್ ಕಡತಗಳನ್ನು ಬಿಟ್ಸ್ ಮೂಲಕ ತರಿಸುವುದೇ ಇಲ್ಲ, ಆದ್ದರಿಂದ ಅದರ ಮಿತಿಯನ್ನೂ ಪಾಲಿಸುವುದಿಲ್ಲ. ಮಿತಿಯನ್ನು ಅದರ ಸ್ವಂತ ಹೊಂದಿಕೆಗಳಲ್ಲಿ, ಕಚೇರಿಯ ವೇಳೆಗೆ ಬೇರೆ ಉಳಿದ ವೇಳೆಗೆ ಬೇರೆ ಎಂದು, ಹಾಕಬೇಕು. ಜೊತೆಗೆ ಯಂತ್ರಗಳು ಸರ್ವರ್‌ಗೆ ಹೋಗುವ ಮುನ್ನ ಒಂದು ಗಂಟೆ ಕಾಲ ನೆರೆಯ ಯಂತ್ರಗಳಲ್ಲಿಯೇ ಹುಡುಕುವಂತೆ 3600 ಸೆಕೆಂಡುಗಳ ವಿಳಂಬ ಕೊಟ್ಟೆ. ಇಲ್ಲದಿದ್ದರೆ ಬೆಳಿಗ್ಗೆ ಒಟ್ಟಿಗೆ ಹೊತ್ತಿಕೊಂಡ ಎಲ್ಲ ಯಂತ್ರಗಳೂ ಒಟ್ಟಿಗೇ ಸರ್ವರ್‌ಗೆ ಓಡುತ್ತವೆ.

ಪ್ರತಿ ಶಾಖೆಯಲ್ಲಿ ರಾತ್ರಿಯೂ ಆರಿಸದ ಎರಡು ಯಂತ್ರಗಳನ್ನು ಪ್ರಯೋಗ ಗುಂಪಿಗೆ ಸೇರಿಸಿದ್ದೆ. ಬುಧವಾರ ಅವಕ್ಕೆ ಮಾತ್ರ ಅನುಮೋದನೆ. ಅವು ರಾತ್ರಿಯಲ್ಲಿ ಕಡತವನ್ನು ಇಳಿಸಿಕೊಳ್ಳುತ್ತವೆ, ತೊಂದರೆ ಕಾಣದಿದ್ದರೆ ಮುಂದಿನ ಮಂಗಳವಾರ ಉಳಿದ ಯಂತ್ರಗಳು ಅವುಗಳಿಂದ ಪಡೆಯುತ್ತವೆ. ಪರೀಕ್ಷೆಯೂ ಬಿತ್ತನೆಯೂ ಒಂದೇ ಏರ್ಪಾಡಿನಲ್ಲಿ ಆಗುತ್ತದೆ ಎಂದು ಇದರ ಬಗ್ಗೆ ನನಗೆ ತುಂಬ ಭರವಸೆಯಿತ್ತು. ಎರಡನೆಯ ತಿಂಗಳ ಆ ಮಂಗಳವಾರ ಎಲ್ಲ ಶಾಖೆಗಳ ಲೈನ್‌ಗಳೂ ಮತ್ತೆ ತುಂಬಿದವು. ಕಾರಣ ಹುಡುಕಲು ಒಂದು ದಿನ ಹಿಡಿಯಿತು. ನೆರೆಯವರಿಗಾಗಿ ಕಡತವನ್ನು ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟುಕೊಳ್ಳುವ ಅವಧಿ ಮೂಲ ಹೊಂದಿಕೆಯಲ್ಲಿ 3 ದಿನ. ಬುಧವಾರ ಬಂದ ಕಡತ ಶನಿವಾರಕ್ಕೆ ಅಳಿಸಿಹೋಗಿತ್ತು, ಬಿತ್ತನೆಯ ಯಂತ್ರಗಳ ಕೈಯಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ಅವಧಿಯನ್ನು 14 ದಿನಕ್ಕೆ ಏರಿಸಿದೆ. ಮೂರನೆಯ ತಿಂಗಳು 22 ಯಂತ್ರಗಳ ಶಾಖೆಯಲ್ಲಿ ವಿಂಡೋಸ್‌ನ ಆದೇಶ ಸಾಧನವಾದ ಪವರ್‌ಶೆಲ್‌ನಿಂದ ಅಂಕಿಗಳನ್ನು ತೆಗೆದು ಕೂಡಿದಾಗ ಒಟ್ಟು 15.1 ಗಿಗಾಬೈಟ್‌ನಲ್ಲಿ 12.6 ಗಿಗಾಬೈಟ್ ನೆರೆಯ ಯಂತ್ರಗಳಿಂದ ಬಂದಿತ್ತು. ಲೈನ್ ಮೇಲೆ ಬಂದದ್ದು ಎರಡೂವರೆ ಗಿಗಾಬೈಟ್ ಮಾತ್ರ, ಅದರಲ್ಲಿ ಹೆಚ್ಚಿನದು ರಾತ್ರಿಯಲ್ಲಿ. ಆ ವಾರ ಸಣ್ಣ ಶಾಖೆಗಳಿಂದ ಒಂದು ಕರೆಯೂ ಬರಲಿಲ್ಲ.

ಇದೇ ಶಾಖೆಗಳಲ್ಲಿ ಕಂಡ ಇನ್ನೊಂದು ದೋಷವನ್ನು ಚಿಕ್ಕದಾಗಿ ಹೇಳುತ್ತೇನೆ. 18 ಯಂತ್ರಗಳ ಶಾಖೆಯೊಂದು ಡಬ್ಲ್ಯುಎಸ್‌ಯುಎಸ್‌ನ ನಿರ್ವಹಣಾ ಕನ್ಸೋಲ್‌ನಲ್ಲಿ 7 ಯಂತ್ರಗಳನ್ನಷ್ಟೇ ತೋರಿಸುತ್ತಿತ್ತು, ಅವುಗಳ ಹೆಸರುಗಳೂ ಗಂಟೆಗೊಮ್ಮೆ ಬದಲಾಗುತ್ತಿದ್ದವು. ಆ ಯಂತ್ರಗಳನ್ನು ಒಂದೇ ಅಚ್ಚಿನಿಂದ ನಕಲು ಮಾಡಿದ್ದರಿಂದ ರಿಜಿಸ್ಟ್ರಿಯಲ್ಲಿರುವ ಅಪ್‌ಡೇಟ್ ಗುರುತು ಹಲವು ಯಂತ್ರಗಳಲ್ಲಿ ಒಂದೇ ಆಗಿತ್ತು. ಆ ಗುರುತನ್ನು ಅಳಿಸಿ ಸೇವೆಯನ್ನು ಮರುಆರಂಭಿಸಿದಾಗ ಪ್ರತಿ ಯಂತ್ರವೂ ಹೊಸ ಗುರುತು ಪಡೆದು ಪಟ್ಟಿಗೆ ಬಂತು. ಅದುವರೆಗೆ ಆ ಶಾಖೆಯ ವರದಿ ಪೂರ್ಣ ಹಸಿರಾಗಿತ್ತು ಎಂಬುದು ಈಗಲೂ ನನ್ನನ್ನು ಕಾಡುತ್ತದೆ. ಈಗ ಪ್ರತಿ ತಿಂಗಳು ಕನ್ಸೋಲ್‌ನ ಯಂತ್ರಸಂಖ್ಯೆಯನ್ನು ಆಕ್ಟಿವ್ ಡೈರೆಕ್ಟರಿಯ ಸಂಖ್ಯೆಯೊಡನೆ ಹೋಲಿಸದೆ ವರದಿ ಕೊಡುವುದಿಲ್ಲ.

ರೇಡಿಯೊ ಸಂಪರ್ಕದ ಎರಡು ಶಾಖೆಗಳು

512 ಕಿಲೋಬಿಟ್‌ನಲ್ಲಿ ಗಂಟೆಗೆ ಸಾಗುವುದು 230 ಮೆಗಾಬೈಟ್. ಒಂದೇ ಯಂತ್ರದ ತಿಂಗಳ ಅಪ್‌ಡೇಟ್‌ಗೆ ಮೂರು ಗಂಟೆ ಬೇಕು, 14 ಯಂತ್ರಗಳಿಗೆ ನಲವತ್ತೆರಡು ಗಂಟೆಗಿಂತ ಹೆಚ್ಚು. ಇಲ್ಲಿ ಲೈನ್ ಅನ್ನು ಲೆಕ್ಕದಿಂದಲೇ ಬಿಟ್ಟು, ಪ್ರತಿ ಶಾಖೆಯಲ್ಲಿ ಸ್ವತಂತ್ರ ಮಾದರಿಯ ಚಿಕ್ಕ ಡಬ್ಲ್ಯುಎಸ್‌ಯುಎಸ್ ಸರ್ವರ್ ಇಟ್ಟೆ. ಕೇಂದ್ರದಲ್ಲಿ ಕಡತಗಳನ್ನು ಡಿಸ್ಕ್‌ಗೆ ನಕಲು ಮಾಡಿ, ಡಬ್ಲ್ಯುಎಸ್‌ಯುಎಸ್ ಯುಟಿಲ್‌ನಿಂದ ವಿವರಗಳ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ, ಗೂಢಲಿಪಿ ಹಾಕಿದ ಡಿಸ್ಕ್ ಅನ್ನು ತಿಂಗಳಿಗೊಮ್ಮೆ ಹೋಗುವ ಸಿಬ್ಬಂದಿಯ ಕೈಯಲ್ಲಿ ಕಳುಹಿಸುತ್ತೇವೆ. ಶಾಖೆಯಲ್ಲಿ ಮೊದಲು ಕಡತಗಳನ್ನು ನಕಲು ಮಾಡಬೇಕು, ಆಮೇಲೆ ಪಟ್ಟಿಯನ್ನು ಇಂಪೋರ್ಟ್ ಮಾಡಬೇಕು; ಹಿಂದುಮುಂದಾದರೆ ಕಡತಗಳಿಲ್ಲದ ಅಪ್‌ಡೇಟ್‌ಗಳು ಡೌನ್‌ಲೋಡ್ ವಿಫಲವೆಂದು ಸಾಲುಗಟ್ಟಿ ನಿಲ್ಲುತ್ತವೆ. ಎರಡೂ ಕಡೆ ಭಾಷೆಗಳ ಆಯ್ಕೆ ಒಂದೇ ಇರಬೇಕು. ಎಕ್ಸ್‌ಪೋರ್ಟ್‌ನಲ್ಲಿ ಅನುಮೋದನೆಗಳು ಬರುವುದಿಲ್ಲವಾದ್ದರಿಂದ, ಕೇಂದ್ರದಲ್ಲಿ ಅನುಮೋದನೆಯಾದವುಗಳ ಪಟ್ಟಿಯನ್ನೂ ಅದನ್ನು ಓದಿ ಅನುಮೋದಿಸುವ ಪವರ್‌ಶೆಲ್ ಸ್ಕ್ರಿಪ್ಟ್ ಒಂದನ್ನೂ ಅದೇ ಡಿಸ್ಕ್‌ನಲ್ಲಿ ಇಡುತ್ತೇವೆ. ಅಲ್ಲಿಯ ಸಿಬ್ಬಂದಿ ಮಾಡಬೇಕಾದ್ದು ಡಿಸ್ಕ್ ಜೋಡಿಸಿ ಒಂದು ಕಡತವನ್ನು ಓಡಿಸುವುದು ಮಾತ್ರ.

ಗಡುವು ಮತ್ತು ಸೋಮವಾರದ ಬೆಳಿಗ್ಗೆ

ಮೂರನೆಯ ತಿಂಗಳು ಒಂದು ದೊಡ್ಡ ಶಾಖೆಯಲ್ಲಿ ಆದ ತಪ್ಪು ಪೂರ್ತಿ ನನ್ನದು. ತುರ್ತಿನ ಅಪ್‌ಡೇಟ್ ಒಂದಕ್ಕೆ ಶನಿವಾರ ರಾತ್ರಿಯ ಗಡುವು ಹಾಕಿ ಅನುಮೋದಿಸಿದೆ, ರಾತ್ರಿಯಲ್ಲಿ ಯಾರಿಗೂ ತೊಂದರೆಯಾಗದು ಎಂಬ ಎಣಿಕೆಯಿಂದ. ಶುಕ್ರವಾರ ಸಂಜೆ ಆರಿಸಿ ಹೋದ ಯಂತ್ರಗಳು ಸೋಮವಾರ ಬೆಳಿಗ್ಗೆ ಹೊತ್ತಿಕೊಂಡಾಗ ಗಡುವು ಮೀರಿಹೋಗಿತ್ತು. ಗಡುವು ಮೀರಿದ ಅಪ್‌ಡೇಟ್ ಅನ್ನು ಯಂತ್ರ ತಕ್ಷಣವೇ ಸ್ಥಾಪಿಸಿ, ಅಗತ್ಯವಿದ್ದರೆ ಮರುಆರಂಭವನ್ನೂ ಮಾಡಿಬಿಡುತ್ತದೆ. ಸಾರ್ವಜನಿಕರು ಸಾಲಿನಲ್ಲಿ ನಿಂತಿರುವಾಗ ಕೌಂಟರ್‌ನ ಯಂತ್ರಗಳೆಲ್ಲ ಒಂದೊಂದಾಗಿ ಆರಿದವು. ಕಾದು ನಿಂತವರಿಗೂ ಉತ್ತರ ಹೇಳಬೇಕಾದ ಸಿಬ್ಬಂದಿಗೂ ಆದ ಕಷ್ಟವನ್ನು ನಾನು ಮರೆತಿಲ್ಲ. ಈಗ ಗಡುವು ಯಾವಾಗಲೂ ಕೆಲಸದ ದಿನದ ಸಂಜೆಗೆ, ಅನುಮೋದನೆಯಿಂದ ಕನಿಷ್ಠ ಮೂರು ಕೆಲಸದ ದಿನಗಳ ನಂತರ. ಕೌಂಟರ್ ಯಂತ್ರಗಳಿಗೆ ಗಡುವೇ ಇಲ್ಲ, ಅವುಗಳಿಗೆ ಕಚೇರಿ ಮುಚ್ಚಿದ ನಂತರದ ನಿಗದಿತ ವೇಳೆಯಿದೆ.

ನಾಲ್ಕನೆಯ ತಿಂಗಳು

ಸಿಂಕ್ ಮೇಲಿನಿಂದ ಕೆಳಕ್ಕೆ, ಸ್ವಚ್ಛತೆ ಕೆಳಗಿನಿಂದ ಮೇಲಕ್ಕೆ ಎಂಬ ಕ್ರಮ ಈಗ ವೇಳಾಪಟ್ಟಿಯಲ್ಲಿದೆ: ಪ್ರತಿ ತಿಂಗಳ ಕೊನೆಯ ಭಾನುವಾರ ಮೊದಲು ಮೂರು ರೆಪ್ಲಿಕಾಗಳು, ಅವು ಮುಗಿದ ಮೇಲೆ ಕೇಂದ್ರದ ಸರ್ವರ್, ಕೊನೆಗೆ ಎಲ್ಲೆಡೆ ಮರು ಇಂಡೆಕ್ಸ್. ಶಾಖೆಗಳಲ್ಲಿ ಸಿಬ್ಬಂದಿ ನಿಲ್ಲಿಸಿಟ್ಟಿದ್ದ ಅಪ್‌ಡೇಟ್ ಸೇವೆಗಳನ್ನು ಪಾಲಿಸಿಯ ಮೂಲಕ ಮತ್ತೆ ಆರಂಭಿಸಿದ್ದೇವೆ. ಈ ಬಾರಿ ಅದನ್ನು ಯಾರೂ ಮತ್ತೆ ನಿಲ್ಲಿಸಿಲ್ಲ.

ಈ ವಾರ ಒಂದು ಸಣ್ಣ ಶಾಖೆಯಿಂದ ಪತ್ರ ಬಂದಿದೆ. 28 ಯಂತ್ರಗಳಿದ್ದಲ್ಲಿ ಈಗ 41 ಆಗಲಿವೆ, ಆದ್ದರಿಂದ ನಮಗೂ ಒಂದು ಸರ್ವರ್ ಕೊಡಿ ಎಂಬುದು ಅವರ ಕೋರಿಕೆ. 41 ಎಂಬುದು ನಮ್ಮ 36ರ ಗೆರೆಯನ್ನು ದಾಟುತ್ತದೆ ನಿಜ, ಆದರೆ ಆ ಗೆರೆ ಯಂತ್ರಗಳು ಒಂದೊಂದಾಗಿ ಲೈನ್ ಮೂಲಕ ಎಳೆಯುತ್ತಿದ್ದ ಕಾಲದ್ದು. ಈಗ ಆ ಶಾಖೆಗೆ ಲೈನ್ ಮೇಲೆ ಬರುತ್ತಿರುವುದು ತಿಂಗಳಿಗೆ ಮೂರು ಗಿಗಾಬೈಟ್‌ಗಿಂತ ಕಡಿಮೆ. ರೆಪ್ಲಿಕಾ ಇಟ್ಟರೆ ಅದು 25 ಆಗುತ್ತದೆ. ಸರ್ವರ್ ಬದಲು ಬಿತ್ತನೆಯ ಯಂತ್ರಗಳನ್ನು ಎರಡರಿಂದ ಮೂರಕ್ಕೆ ಏರಿಸುವುದಾಗಿ ಉತ್ತರ ಬರೆದು, ಅವರ ಹೊಸ ಸಬ್‌ನೆಟ್ ಅನ್ನು ಸೈಟ್‌ಗಳ ಪಟ್ಟಿಗೆ ಇಂದೇ ಸೇರಿಸಿದ್ದೇನೆ.